ಬಾಗಿಲ ಕಡೆ ಒಂದು ನೋಟ

ಪ್ರತಿಯೊಂದು ಶಾಟೂ ‘ಕಟ್’ ಎಂಬ ಕೂಗಿನಿಂದ ಶುರುವಾಗಿ ‘ಸ್ಟಾರ್ಟ್ ಕ್ಯಾಮೆರಾ’ ಎಂಬ ಕೂಗಿಗೆ ಮುಗಿಯುತ್ತಿತ್ತು. ಕಾರ್ಡುಗಳನ್ನು ಡಿಸ್ಕಿಗೆ ಇಳಿಸಿ ಎಡಿಟಿಂಗಿಗೆ ಕೂತ ಅಕ್ಕ ಮೊದಲನೆಯದನ್ನು ನೋಡಿ ಫೈಲು ಕೆಟ್ಟಿರಬೇಕು ಅಂದುಕೊಂಡಳು. ಮುಂದಿನದೂ ಹಾಗೇ ಇತ್ತು. ಅದರ ಮುಂದಿನದನ್ನು ತೆರೆಯುವ ಹೊತ್ತಿಗೆ ಅವಳಿಗೆ ವಿಷಯ ಹೊಳೆದಿತ್ತು. ನಟನೆ ನಡೆಯುವಾಗ ಕ್ಯಾಮೆರಾ ನಿದ್ದೆ ಹೋಗಿತ್ತು. ಎಲ್ಲರೂ ದಣಿವಾರಿಸಿಕೊಳ್ಳುವಾಗ ಕಣ್ಣು ಬಿಟ್ಟುಕೊಂಡು ಕೂತಿತ್ತು. ಕ್ಯಾಮೆರಾ ಹಿಡಿದವನು ಅವಳ ತಮ್ಮ. ಚಿತ್ರ ಅವಳ ಗಂಡನದು.

ತಮ್ಮ ಬಂದು ನೋಡಿ ಗೋಡೆಗೆ ಒರಗಿದ. ಅವನಿಗೆ ಎಲ್ಲ ಅರ್ಥವಾಯಿತು. ಬ್ಯಾಟರಿ ಸಿಕ್ಕಿಸುವಾಗ ಮೊಣಕೈ ತಾಗಿ ಗುಂಡಿ ಒತ್ತಿಹೋಗಿರಬೇಕು. ಅಲ್ಲಿಂದ ಮುಂದೆ ಅವನು ಶುರುಮಾಡಲು ಒತ್ತಿದಾಗೆಲ್ಲ ಕ್ಯಾಮೆರಾ ನಿಂತಿದೆ, ನಿಲ್ಲಿಸಲು ಒತ್ತಿದಾಗೆಲ್ಲ ಶುರುವಾಗಿದೆ. ಕ್ಯಾಮೆರಾ ಓಡುವಾಗ ಹೊತ್ತುವ ಕೆಂಪು ದೀಪ ನಟಿಯ ಕನ್ನಡಕದಲ್ಲಿ ಹೊಳೆಯುತ್ತದೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದವನೂ ಅವನೇ. ಮುಖ ಚೆನ್ನಾಗಿ ಕಾಣಲಿ ಎಂದು ಪರದೆಯ ಮೇಲಿನ ಗುರುತುಗಳನ್ನೆಲ್ಲ ಅಳಿಸಿದ್ದವನೂ ಅವನೇ. ಹೊಸ ಕ್ಯಾಮೆರಾ ಬೇಕೇ ಬೇಕು, ಕತ್ತಲಲ್ಲೂ ಅದಕ್ಕೆ ಎಲ್ಲ ಕಾಣುತ್ತದೆ ಎಂದು ಭಾವನ ತಲೆ ತಿಂದು ತರಿಸಿದ್ದಂತೂ ಮನೆಮಂದಿಗೆಲ್ಲ ಗೊತ್ತು.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. “ಎಲ್ಲ ಕಾಣುತ್ತೆ ಅಂದಿದ್ದೆ. ನಿಜ ಕಣೋ, ಅಭಿನಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಂಡಿದೆ,” ಎಂದ. ನಾಳೆಯಿಂದ ಬೇರೆ ಕೆಲಸ ನೋಡಿಕೋ ಎಂದೂ ಸೇರಿಸಿದ. ಚಿತ್ರದ ಜೀವವೇ ಆ ದೃಶ್ಯವಾಗಿತ್ತು: ರಸ್ತೆ ಅಗಲವಾಗಲು ತನ್ನ ಅಂಗಡಿ ಬಿಟ್ಟುಕೊಡಬೇಕಾದ ಮುದುಕಿ ದರ್ಜಿ, ಕೊನೆಯ ಬಟ್ಟೆ ಹೊಲಿಯುತ್ತಾ ಆಡುವ ಮಾತು. ಮತ್ತೆ ತೆಗೆಯೋಣವೆಂದರೆ ಆ ಅಂಗಡಿ ನಿಜವಾಗಿಯೂ ಕೆಡವಲಿದ್ದ ಅಂಗಡಿ. ಅದು ಉರುಳುವುದನ್ನು ಅದೇ ಸಂಜೆ ಚಿತ್ರೀಕರಿಸಿದ್ದರು. ಬ್ಯಾಟರಿ ಬದಲಿಸಿದ್ದರಿಂದ ಆಗ ಮಾತ್ರ ಗುಂಡಿಯ ಲೆಕ್ಕ ಸರಿಹೋಗಿತ್ತು. ಇದರ ಮೇಲೆ ದರ್ಜಿಯ ಪಾತ್ರ ಮಾಡಿದ ಹಿರಿಯ ನಟಿ ತಮ್ಮ ದೃಶ್ಯ ನೋಡಲು ಅಂದೇ ಊಟದ ಹೊತ್ತು ಕಳೆದು ಬರುವವರಿದ್ದರು. ತಾವು ನೋಡಿ ಒಪ್ಪದೆ ಬೇರೆ ಯಾರಿಗೂ ತೋರಿಸಬಾರದು ಎಂಬುದು ಅವರು ಮೊದಲೇ ಹಾಕಿದ್ದ ಷರತ್ತು.

“ರೀ, ನೀವಿಬ್ಬರೂ ಸ್ವಲ್ಪ ಹೊರಗೆ ಹೋಗಿ,” ಎಂದಳು ಅಕ್ಕ.

ಮಾತನ್ನು ಬೇರೆ ಯಂತ್ರದಲ್ಲಿ ಮುದ್ರಿಸಿಕೊಂಡಿದ್ದರು. ಅದರಲ್ಲಿ ಒಂದಕ್ಷರವೂ ಹೋಗಿರಲಿಲ್ಲ. ಧ್ವನಿ ಇದೆ, ಮುಖ ಇಲ್ಲ. ಇತ್ತ ಕ್ಯಾಮೆರಾದಲ್ಲಿ ಮುಖ ಇದೆ, ಮಾತಿಲ್ಲ. ದೃಶ್ಯದ ಕೊನೆಗೆ ದರ್ಜಿ ದಾರ ಹರಿಯಬೇಕಿತ್ತು. ಆದ್ದರಿಂದ ಪ್ರತಿ ಸಲ ‘ಕಟ್’ ಆದ ಮೇಲೆ ಸೂಜಿಗೆ ಮತ್ತೆ ದಾರ ಪೋಣಿಸಬೇಕು. ಆ ಕೆಲಸವನ್ನು ನಟಿ ಯಾರ ಕೈಗೂ ಕೊಟ್ಟಿರಲಿಲ್ಲ. ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತಿದ್ದ ಕ್ಯಾಮೆರಾ ಅದನ್ನೆಲ್ಲ ನುಂಗಿಕೊಂಡಿತ್ತು. ಕನ್ನಡಕ ಹಣೆಗೇರಿಸುತ್ತಾರೆ, ದಾರದ ತುದಿಯನ್ನು ತುಟಿಗೆ ಒತ್ತುತ್ತಾರೆ, ಗುರಿ ತಪ್ಪುತ್ತದೆ, ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಸೂಜಿಗೆ ಬಗ್ಗುತ್ತಾರೆ. ಅಕ್ಕ ಸೆಟ್ಟಿನ ಗಲಾಟೆಯನ್ನು ಅಳಿಸಿ, ಆ ಮುಖದ ಕೆಳಗೆ ಈ ಧ್ವನಿಯನ್ನು ಹಾಸಿದಳು. ಕೂದಲೆಳೆಯಷ್ಟು ಹಿಂದಕ್ಕೆ, ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತಾ ಕೂತಳು. ತಂದಿಟ್ಟ ಊಟ ಹಾಗೇ ಆರಿಹೋಯಿತು.

ನಟಿ ಬಂದು ಕುರ್ಚಿ ಹಿಡಿದು ಕೂತರು. ಭಾವ ಪಕ್ಕದಲ್ಲಿ ಕೂತ. ತಮ್ಮ ಬಾಗಿಲಲ್ಲೇ ನಿಂತ, ಓಡಲು ಅನುಕೂಲವಾಗುವಂತೆ.

ಪರದೆಯ ಮೇಲೆ ಮುದುಕಿ ತುಟಿ ತೆರೆಯದೆ ದಾರದೊಂದಿಗೆ ಹೆಣಗುತ್ತಿದ್ದಳು. ಅವಳ ಮನಸ್ಸೇ ಮಾತಾಡಿದಂತೆ ಧ್ವನಿ ಕೇಳುತ್ತಿತ್ತು. “ಈ ಬೀದಿಯ ಅಳತೆಯೆಲ್ಲ ನನ್ನ ಬೆರಳಲ್ಲಿದೆ. ಯಾರು ಮೈ ತುಂಬಿಕೊಂಡರು, ಯಾರು ಸೊರಗಿದರು, ಎಲ್ಲ ಗೊತ್ತು. ಹೊಲಿಯಲು ಕೊಟ್ಟು, ತಗೊಂಡು ಹೋಗಲು ಯಾರು ಬರಲೇ ಇಲ್ಲ, ಅದೂ ಗೊತ್ತು.” ಸರಿಯಾಗಿ ಅಲ್ಲಿ ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಕೊನೆಯ ಮಾತಿಗೆ ದಾರ ಸೂಜಿಯ ಕಣ್ಣಲ್ಲಿ ತೂರಿತು. ಭಾವ ಎದ್ದು ಕಿಟಕಿಯ ಹತ್ತಿರ ಹೋಗಿ ಮೂಗು ಒರೆಸಿಕೊಂಡ.

“ಇನ್ನೊಂದ್ಸಲ ಹಾಕಮ್ಮ,” ಎಂದರು ನಟಿ. ಮತ್ತೊಮ್ಮೆ ನೋಡಿ, ತಾವು ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ, ಇದನ್ನು ಊರಿಗೆಲ್ಲ ತೋರಿಸಿ ಎಂದರು. ತಮ್ಮನಿಗೆ ತಡೆಯಲಾಗಲಿಲ್ಲ. ಟೇಪು, ಗುಂಡಿ, ಮೊಣಕೈ, ಎಲ್ಲ ಒಪ್ಪಿಸಿಬಿಟ್ಟ. ಅವರು ಕೇಳಿ, ಅವನ ಕಿವಿಯನ್ನು ಮೆಲ್ಲಗೆ ಹಿಂಡಿ, ಬೆನ್ನು ತಟ್ಟಿದರು.

ಭಾವ ಕಿಟಕಿಯಿಂದ ತಿರುಗದೆಯೇ ಹೇಳಿದ: “ನಾಳೆ ಬೇಗ ಬಂದು ಲೈಟು ಹೊಂದಿಸ್ಕೋ. ಆ ಟೇಪು ಮಾತ್ರ ಮನೇಲಿ ಬಿಟ್ಟು ಬಾ.”

ಅಕ್ಕ ಬೆಳಗಿನಿಂದ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟಳು.

ಭಾವನಿಗೆ ಇನ್ನೂ ಒಂದು ಪ್ರಶ್ನೆ ಕೊರೆಯುತ್ತಿತ್ತು. “ಅಮ್ಮಾ, ಹೇಳಿಕೊಟ್ಟು ಮಾಡಿಸೋಕಾಗಲ್ಲ ಅಂಥ ನೋಟ ಅದು. ಬಾಗಿಲ ಕಡೆ ನೋಡಿದ್ರಲ್ಲ, ಆಗ ನಿಮ್ಮ ಮನಸ್ಸಲ್ಲಿ ಯಾರಿದ್ರು?”

“ಯಾರಿರ್ತಾರಪ್ಪ? ಊಟದ ಗಾಡಿ ಬಂತಾ ಅಂತ ನೋಡಿದೆ,” ಎಂದರು ನಟಿ. “ಕಟ್, ಕಟ್ ಅಂತೀಯೇ ಹೊರತು ಊಟ ಅನ್ನೋ ಮಾತೇ ನಿನ್ನ ಬಾಯಲ್ಲಿ ಬರಲಿಲ್ಲ.”