ಕತ್ತರಿ ಹಾಕುವ ಮುಂಚೆ

ಟೈಲರ್ ಅಪ್ಪನ ಕೈಯಲ್ಲಿ ಕತ್ತರಿ ಬಾಯಿ ತೆರೆದುಕೊಂಡು ನಿಂತಿತ್ತು. ಹರಡಿದ್ದ ಕೋಟಿನ ಬಟ್ಟೆಯಿಂದ ಕಣ್ಣೆತ್ತದೆ ಅವನು ಮಗಳನ್ನು ಕೇಳಿದ: "ಎರಡೂ ಕಾಲೇಜಲ್ಲಿ ಸೀಟು ಸಿಕ್ಕಿದೆ. ಯಾವ್ದಕ್ಕೆ ಹೋಗ್ತೀಯ ಪುಟ್ಟಿ?"

ಒಂದು ಕಾಲೇಜು, ಫೀಸು, ಹಾಸ್ಟೆಲು ಎಲ್ಲ ಖರ್ಚೂ ತನ್ನದೇ ಎಂದಿತ್ತು. ಆದರೆ ಅಲ್ಲಿದ್ದದ್ದು ಕಾಮರ್ಸ್. ಇನ್ನೊಂದರಲ್ಲಿ ಅವಳು ಹೈಸ್ಕೂಲಿನಿಂದಲೂ ಜೀವ ಇಟ್ಟುಕೊಂಡಿದ್ದ ಭೌತಶಾಸ್ತ್ರವಿತ್ತು. ಆದರೆ ಆ ಕಾಲೇಜಿನವರು ಮನ್ನಾ ಮಾಡಿದ್ದು ಅರ್ಧ ಫೀಸು ಮಾತ್ರ. ಉಳಿದರ್ಧದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಕಾಮರ್ಸೇ ಇರ್ಲಿ ಬಿಡಪ್ಪ. ಅದೂ ನಂಗಿಷ್ಟಾನೇ," ಎಂದಳು. ಅಂದವಳೇ ಕಾದಳು. ಅಪ್ಪನ ಕಸುಬಿನ ಕ್ರಮ ಅವಳಿಗೆ ಗೊತ್ತಿತ್ತು. ಗಿರಾಕಿ ಎಷ್ಟೇ ಅವಸರ ಮಾಡಲಿ, ಕತ್ತರಿ ಹಾಕುವ ಮುಂಚೆ ಅವನು ಎರಡನೇ ಸಲ ಕೇಳದೆ ಬಿಡುತ್ತಿರಲಿಲ್ಲ. "ಇನ್ನೊಂದ್ಸಲ ಯೋಚ್ನೆ ಮಾಡಿ ಸ್ವಾಮಿ, ಕತ್ತರಿಸಿದ್ಮೇಲೆ ಏನೂ ಮಾಡಕ್ಕಾಗಲ್ಲ." ಜೇಬಿನ ಮೂಲೆ ದುಂಡಗಿರಬೇಕೋ ಚೌಕವಿರಬೇಕೋ ಎಂಬುದಕ್ಕೂ ಅದೇ ಪಾಠ. "ಇದೇನ್ ಮಾರಾಯ, ಕೋಟ್ ಹೊಲೀತೀಯೋ, ಕೋರ್ಟಲ್ಲಿ ಸಾಕ್ಷಿ ಕೇಳ್ತೀಯೋ?" ಎಂದು ಗಿರಾಕಿಗಳು ರೇಗಿಸಿದರೂ ಬಿಟ್ಟವನಲ್ಲ. ಈಗಲೂ ಕೇಳುತ್ತಾನೆ. ಕೇಳಿದ ಕೂಡಲೇ ನಿಜ ಹೇಳಿಬಿಡುವುದೆಂದು ಅವಳು ಮಾತನ್ನು ನಾಲಿಗೆಯ ತುದಿಯಲ್ಲೇ ಹಿಡಿದುಕೊಂಡು ನಿಂತಳು.

ಅಪ್ಪನ ಬಿಗಿದಿದ್ದ ಹೆಗಲು ಮೆಲ್ಲಗೆ ಕೆಳಗಿಳಿಯಿತು. ಎಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದನೋ, ಉದ್ದಕ್ಕೆ ಉಸಿರು ಬಿಟ್ಟ.

"ಹಾಗಾದ್ರೆ ಸರಿ," ಎಂದ.

ಕತ್ತರಿ ಸೀಮೆಸುಣ್ಣದ ಗೆರೆ ಹಿಡಿದು ಎಲ್ಲೂ ನಿಲ್ಲದೆ ಓಡಿತು.