ಬೇರೆಯವರ ಮಡಿಲಿನ ಗಡಿಗೆ

ಬಿಸಿಲು ಐವತ್ತಾರು ಡಿಗ್ರಿಗೆ ಏರಿ, ದಿನವೂ ಆಗುವಂತೆ, ಶಹಾಪುರದಾಚೆ ಡಾಂಬರು ಕರಗಿತ್ತು. ರಸ್ತೆ ಗಟ್ಟಿಯಾಗುವ ತನಕ ರಾಯಚೂರಿನ ಬಸ್ಸು ಬೇವಿನ ಮರದ ಕೆಳಗೆ ನಿಂತಿತು.

ಚನ್ನವೀರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಡಿಲಲ್ಲಿದ್ದ, ಒದ್ದೆಬಟ್ಟೆ ಸುತ್ತಿದ ಪುಟ್ಟ ಗಡಿಗೆಯಲ್ಲಿ ಮಗಳ ಇನ್ಸುಲಿನ್ ಇತ್ತು. ರಾಯಚೂರಿನಲ್ಲಿ ಮಗಳ ಹತ್ತಿರ ಇದ್ದದ್ದು ಬೆಳಿಗ್ಗೆಯೇ ಮುಗಿದಿತ್ತು. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಸೀಸೆ ಮುಟ್ಟಿ ನೋಡುತ್ತಿದ್ದಳು; ತೆಗೆದಾಗಲೆಲ್ಲ ಒಳಗಿನ ತಂಪು ಅಷ್ಟಷ್ಟೇ ಸೋರಿಹೋಗುತ್ತಿತ್ತು.

"ಯಕ್ಕಾ, ಅದು ನಿಂದೇ ಗಡಿಗಿ ಏನು?" ಪಕ್ಕದ ಸಾಲಿನ ಹೆಂಗಸು ಕೇಳಿದಳು. "ತಮ್ಮ ಔಷಧ ತಮ್ಮ ಉಡ್ಯಾಗ ಇಟ್ಕೋಬಾರ್ದು ಅಂತ ಗೊತ್ತಿಲ್ಲೇನು? ಕೈ ಸುಮ್ಮನಿರಂಗಿಲ್ಲ."

"ಯಾರನ್ನ ನಂಬಿ ಕೊಡ್ಲೆವ್ವಾ? ಇದ್ರಾಗ ನನ್ನ ಮಗಳ ಜೀವ ಅದ."

ಹೆಂಗಸು ಮುಂದಿನ ಸೀಟಿನ ಮುದುಕನ ಮಡಿಲಲ್ಲಿದ್ದ ತನ್ನ ಗಡಿಗೆಯನ್ನು ಕೇಳಿ ತೆಗೆದುಕೊಂಡು ಚನ್ನವೀರಮ್ಮನಿಗೆ ಚಾಚಿದಳು. "ಇದ್ರಾಗ ನನ್ನ ಮಗಂದು ಅದ. ಇದನ್ನ ನೀ ಹಿಡಿ, ಅದನ್ನ ನಂಗ ಕೊಡು."

ಗಡಿಗೆಗಳು ಕೈ ಬದಲಾದವು. ರಸ್ತೆ ಗಟ್ಟಿಯಾಗಿ ಬಸ್ಸು ಹೊರಟಾಗ ಚನ್ನವೀರಮ್ಮನ ಕೈ ಆ ಮುಚ್ಚಳದ ಮೇಲೆ ಅಲುಗಾಡದೆ ಕೂತಿತ್ತು. ರಾಯಚೂರು ಬರುವ ತನಕ ಇಬ್ಬರು ತಾಯಂದಿರೂ ಒಬ್ಬರ ಮಡಿಲನ್ನೊಬ್ಬರು ರೆಪ್ಪೆ ಮಿಟುಕಿಸದೆ ನೋಡುತ್ತ ಕೂತರು.