ಆ ಗೋಡೆ, ಈ ಗೋಡೆ

ಸೀಟಿ ಮೊಳಗಿದ್ದೇ ತಡ, ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಹುಸ್ನಿಯಾ ಕರಾಬೆಗ್ ಗಕ್ಕನೆ ಬಾಗಿಲ ಕಡೆ ಹೊರಳಿದ.

"ಗವರ್ನರ್ ಕಡೆಯೋರೆಲ್ಲ ಆ ಗೋಡೆಗೆ! ಸೆನೆಟರಮ್ಮನ ಕಡೆಯೋರು ಈ ಗೋಡೆಗೆ! ಮೇಯರ್ ಬೇಕು ಅನ್ನೋರು ಮೆಟ್ಟಿಲ ಹತ್ರ! ನಡೀರಿ, ಬೇಗ, ಎಣಿಸ್ಬೇಕು!" ಶಾಲೆಯ ಆಟದ ಹಜಾರದ ನಡುವೆ ನಿಂತು ಕೂಗಿದವನು ಸಭೆಯ ಮುಖ್ಯಸ್ಥ ಲೊವೆಲ್ ಹಾಫ್‌ಸ್ಟ್ರಾ. ಅದೇ ಶಾಲೆಯ ನಿವೃತ್ತ ವ್ಯಾಯಾಮ ಶಿಕ್ಷಕ. ಸೀಟಿ ಇನ್ನೂ ಕೊರಳನ್ನು ಬಿಟ್ಟಿರಲಿಲ್ಲ.

ಅಮೆರಿಕದ ಅಯೋವಾ ರಾಜ್ಯದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಈ ಮೂವರಲ್ಲಿ ಆರಿಸುವ ಸಂಜೆ ಅದು. ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಯಾರ ಪರವೋ ಅವರ ಗೋಡೆಗೆ ಹೋಗಿ ನಿಂತರೆ ತಲೆ ಎಣಿಸುತ್ತಾರೆ. ನೂರಕ್ಕೆ ಹದಿನೈದರಷ್ಟು ಜನವಿಲ್ಲದ ಗುಂಪು ಅಲ್ಲಿಗೇ ಮುಗಿಯಿತು. ನೆರೆಹೊರೆಯವರು ಒಬ್ಬರನ್ನೊಬ್ಬರು ಕಿಚಾಯಿಸುತ್ತ, ನಗುತ್ತ, ಹಜಾರದ ಮೂಲೆಮೂಲೆಗೆ ಹಂಚಿಹೋದರು. ನೆಲಕ್ಕೆ ಬಳಿದ ಬಿಳಿ ವೃತ್ತದೊಳಗೆ ಹುಸ್ನಿಯಾ ಒಬ್ಬನೇ ಉಳಿದ.

"ಬಾಬೊ, ಏನು ಕಂಬದ ಥರ ನಿಂತ್ಬಿಟ್ಟೆ? ಇಲ್ಲಿ ಬಾ!" ಮಗಳು ಮಿರೇಲಾ ಅಪ್ಪನತ್ತ ಕೈಬೀಸಿದಳು. ಸೆನೆಟರಮ್ಮನ ಪರವಾಗಿ ಈ ಬಡಾವಣೆಯ ಹೊಣೆ ಹೊತ್ತವಳು ಅವಳೇ. ಒಂದು ವರ್ಷ ಹಿಮದಲ್ಲಿ, ಬಿಸಿಲಲ್ಲಿ, ಮನೆಮನೆಯ ಬಾಗಿಲು ಬಡಿದಿದ್ದಳು. 'ನೀನು ಬಂದು ನನ್ನ ಪಕ್ಕ ನಿಂತ್ರೆ ಸಾಕು, ಬಾಬೊ' ಎಂದಷ್ಟೇ ಹೇಳಿ ಕರೆತಂದಿದ್ದಳು. ಗೋಡೆಗಳ ಮಾತನ್ನು ಎತ್ತಿರಲಿಲ್ಲ.

ಬೋಸ್ನಿಯಾದಲ್ಲಿ, ಯುದ್ಧದ ವರ್ಷ, ಇಂಥದೇ ಶಾಲೆ. ಇಂಥದೇ ಹಜಾರ, ಇಂಥದೇ ನುಣುಪು ಮರದ ನೆಲ. ಬಂದೂಕು ಹಿಡಿದವನೊಬ್ಬ ಸೀಟಿ ಊದಿ, ಬೆರಳು ತೋರಿಸಿ, ಊರ ಗಂಡಸರನ್ನು ಆ ಗೋಡೆಗೆ, ಈ ಗೋಡೆಗೆ ಎಂದು ಪಾಲು ಮಾಡಿದ್ದ. ಹುಸ್ನಿಯಾ ಬಾಗಿಲ ಕಡೆಯ ಗೋಡೆಗೆ. ಅಣ್ಣ ರಾಮಿಜ್ ಕಿಟಕಿಯ ಕಡೆಯ ಗೋಡೆಗೆ. ಯಾವ ಗೋಡೆ ಯಾವುದಕ್ಕೆಂದು ಯಾರೂ ಹೇಳಿರಲಿಲ್ಲ. ಎಣಿಸಿ ಮುಗಿದ ಮೇಲೆ ಕಿಟಕಿಯ ಕಡೆಯವರನ್ನು ಹೊರಗೆ ನಡೆಸಿಕೊಂಡು ಹೋದರು. ಅವರಲ್ಲಿ ಒಬ್ಬನೂ ಮರಳಲಿಲ್ಲ. ವಾಟರ್‌ಲೂ ಎಂಬ ಈ ಅಯೋವಾ ಪಟ್ಟಣದಲ್ಲೇ ಹುಟ್ಟಿ ಬೆಳೆದ ಮಗಳಿಗೆ ಈ ಕಥೆಯನ್ನು ಅವನು ಇಂದಿಗೂ ಹೇಳಿಲ್ಲ.

ಲೊವೆಲ್ ಎಣಿಸಿ ಮುಗಿಸಿದ. "ಸೆನೆಟರಮ್ಮನ ಗುಂಪಿಗೆ ಒಬ್ಬರು ಕಮ್ಮಿ! ಇನ್ನೊಂದು ಸಲ ಎಣಿಸ್ತೀನಿ. ಅಷ್ಟರೊಳಗೆ ಯಾರನ್ನಾದ್ರೂ ಎಳ್ಕೊಳ್ಳಿ, ಇಲ್ದಿದ್ರೆ ಅಂಗಡಿ ಮುಚ್ಚಿ!"

ಎಲ್ಲರ ಕಣ್ಣೂ ಬಿಳಿ ವೃತ್ತದ ಕಡೆ ತಿರುಗಿತು.

"ಹುಸ್ನಿಯಾ, ನಮ್ಮ ಕಡೆ ಬಾರಯ್ಯ!" ಎದುರುಮನೆಯ ಡಾರ್ಲೀನ್ ಗವರ್ನರ್ ಗೋಡೆಯಿಂದ ತಟ್ಟೆ ಎತ್ತಿ ತೋರಿಸಿದಳು. "ದಾಲ್ಚಿನ್ನಿ ರೋಲ್ ಇದೆ, ಬಿಸಿಬಿಸಿ!"

"ಲಂಚ! ಲಂಚ!" ಮೆಟ್ಟಿಲ ಬಳಿಯವರು ಕೇಕೆ ಹಾಕಿದರು.

"ಬಾಬೊ, ದಮ್ಮಯ್ಯ, ಬಾ," ಎಂದಳು ಮಿರೇಲಾ.

ಹೆಸರು ಹಿಡಿದು ಕರೆಯುತ್ತಿದ್ದಾರೆ. ಹುಸ್ನಿಯಾ ಮಗಳ ಕಡೆಗೆ ಹೋಗಲಿಲ್ಲ. ಲೊವೆಲ್‌ನ ಬಳಿ ಸರಿದು ತಗ್ಗಿದ ದನಿಯಲ್ಲಿ ಕೇಳಿದ. "ಕಮ್ಮಿ ಬಿದ್ದ ಗೋಡೆಯೋರನ್ನ... ಏನ್ ಮಾಡ್ತೀರಿ?"

"ಮಾಡೋದೇನು? ಬೇರೆ ಗೋಡೆಗೆ ಹೋಗ್ಬೋದು. ಬೇಡಾಂದ್ರೆ ಮನೆಗೆ."

"ಮನೆಗೆ ಬಿಡ್ತೀರಾ?"

"ಮತ್ತೆ? ಇಲ್ಲೇ ಮಲಗಿಸ್ಕೊಳ್ಳೋಕೆ ನನ್ಹತ್ರ ಹಾಸಿಗೆ ಎಲ್ಲಿದೆ, ಕರಾಬೆಗ್ ಅವ್ರೇ?"

"ಬಾಗಿಲು ಹಾಕಿದ್ದೀರಿ."

"ಥಂಡಿ ಒಳಗೆ ನುಗ್ತದೆ ಅಂತ. ತಳ್ಳಿ ನೋಡಿ ಬೇಕಾದ್ರೆ."

ಹುಸ್ನಿಯಾ ನಿಜವಾಗಿಯೂ ಹೋಗಿ ತಳ್ಳಿದ. ಬಾಗಿಲು ತೆರೆಯಿತು. ಹೊರಗೆ ಹಿಮ, ಸಾಲಾಗಿ ನಿಂತ ಕಾರುಗಳು, ಅವುಗಳಾಚೆ ಮನೆಯ ದಾರಿ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಇನ್ನೊಂದು ಹೆಜ್ಜೆಯಿಟ್ಟರೆ ಯಾರೂ ಅವನನ್ನು ಎಣಿಸಲಾರರು. ಕಾಲು ಆಗಲೇ ಹೊಸ್ತಿಲು ದಾಟಿತ್ತು.

ಆಗ ಅವನು ತಿರುಗಿ ನೋಡಿದ. ಮಿರೇಲಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ತಲೆಯ ಮೇಲೆ ಕಪ್ಪುಗಟ್ಟಿದ ಕಿಟಕಿಗಳ ಸಾಲು.

ಹುಸ್ನಿಯಾ ಬಾಗಿಲು ಬಿಟ್ಟ. ಬಿಳಿ ವೃತ್ತವನ್ನು ಹಾದು, ಕೇಕೆಗಳ ನಡುವೆ, ಆ ಗೋಡೆಯ ಬಳಿಗೆ ನಡೆದುಹೋದ. ಮಗಳ ಪಕ್ಕದಲ್ಲಿ ಅವನು ನಿಲ್ಲಲಿಲ್ಲ. ಮುಂದೆ ನಿಂತ, ಅವಳಿಗೆ ಬೆನ್ನು ಮಾಡಿ, ಅವಳನ್ನು ಪೂರ್ತಿಯಾಗಿ ಮರೆಮಾಡಿಕೊಂಡು.

"ಅಯ್ಯೋ, ನನ್ನ ಮುಖನೂ ಕಾಣ್ಬೇಕಲ್ಲ ಬಾಬೊ, ಸರಿ ಸ್ವಲ್ಪ!" ಮಿರೇಲಾ ಗೆದ್ದ ಹುರುಪಿನಲ್ಲಿ ನಗುತ್ತಿದ್ದಳು. ಅವನು ಸರಿಯಲಿಲ್ಲ.

ಸೀಟಿ ಮೊಳಗಿತು. "ಕೈ ಎತ್ತಿ, ಎಣಿಸ್ತಾ ಇದ್ದೀನಿ!" ಒಬ್ಬೊಬ್ಬರನ್ನೇ ಬೆರಳಿನಿಂದ ತೋರಿಸುತ್ತ ಬಂದ ಲೊವೆಲ್ ಕೊನೆಗೆ ಹುಸ್ನಿಯಾನ ಎದುರು ನಿಂತು ನಕ್ಕುಬಿಟ್ಟ.

"ಒಂದು ಕೈ ಸಾಕು ಮಾರಾಯ್ರೇ! ಎರಡೆತ್ತಿದ್ರೆ ಎರಡು ವೋಟಾಗಲ್ಲ!"

ಹಜಾರವೆಲ್ಲ ಗೊಳ್ಳೆಂದಿತು. ತಲೆಯ ಮೇಲೆ, ಬೆರಳುಗಳನ್ನು ಅಗಲಿಸಿ ಎತ್ತಿ ಹಿಡಿದ ತನ್ನ ಎರಡೂ ಕೈಗಳನ್ನು ಹುಸ್ನಿಯಾ ಕೆಳಗಿಳಿಸಲಿಲ್ಲ. ಬೆನ್ನ ಹಿಂದೆ ಮಗಳ ನಗು ಮಾತ್ರ ಅರ್ಧಕ್ಕೇ ನಿಂತುಹೋಯಿತು.